ಕೆಂಪಿ ಎದ್ದಿದ್ದಾಳೆ: ಸಣ್ಣತ್ತೆಗೆ, ಮತ್ತು ನಿಮಗೆಲ್ಲ

ಕರು ಹಾಕಿದ ಮೇಲೆ ಏಳಲಾಗದೆ ಬಿದ್ದಿದ್ದ ನಮ್ಮ ಹಸು ಕೆಂಪಿ ಎದ್ದು ನಿಂತಿದ್ದಾಳೆ. ಮೇವು ತಿನ್ನುತ್ತಿದ್ದಾಳೆ, ಮೆಲುಕು ಹಾಕುತ್ತಿದ್ದಾಳೆ. ಎಡಗಡೆ ಹಿಂಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ, ಅದೂ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಅವಳ ಹಾಲು ಮತ್ತೆ ಡೇರಿಗೆ ಹೋಗಲು ಶುರುವಾಗಿದೆ. ಅಷ್ಟೂ ದಿನ ಫೋನ್ ಮಾಡಿ, ಮೆಸೇಜ್ ಹಾಕಿ, ದಾರಿಯಲ್ಲಿ ಸಿಕ್ಕಾಗ ನಿಲ್ಲಿಸಿ "ಎದ್ದಳಾ?" ಅಂತ ಕೇಳಿದವರು ಎಷ್ಟು ಜನ! ಒಬ್ಬೊಬ್ಬರಿಗೇ ಉತ್ತರ ಕೊಡಲು ನನಗೂ ಅಮ್ಮನಿಗೂ ಆಗಲಿಲ್ಲ. ಅದಕ್ಕೇ ಇಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಈಯುವಾಗ ಕರು ಹೇಗೆ ಸಿಕ್ಕಿಹಾಕಿಕೊಂಡಿತ್ತು, ಹೇಗೆ ಹೊರಗೆ ಬಂತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಆವತ್ತು ಮಧ್ಯಾಹ್ನ ಕೊಟ್ಟಿಗೆಯಲ್ಲಿದ್ದವರಂತೂ ಮರೆಯಲಾರರು. ಅದನ್ನು ಮತ್ತೆ ಹೇಳುವುದಿಲ್ಲ. ಕರು ಹೆಣ್ಣು, ಬದುಕಿದೆ, ಹಗ್ಗ ಬಿಚ್ಚಿದರೆ ಹಿತ್ತಲೆಲ್ಲ ಓಡುತ್ತದೆ. ನಾನು ಬರೆಯಬೇಕಾಗಿರುವುದು ಕರು ಬಂದ ಮೇಲಿನ ರಾತ್ರಿಯ ಬಗ್ಗೆ, ಸಣ್ಣತ್ತೆಯ ಬಗ್ಗೆ.

ಸಣ್ಣತ್ತೆ ಅಂದರೆ ನಮ್ಮಪ್ಪನ ಕಡೇ ತಂಗಿ. ತುರುವೇಕೆರೆ ಕಡೆ ಕೊಟ್ಟಿದ್ದಾರೆ. ಅಪ್ಪ ಹೋದ ಮೇಲೆ ನಮ್ಮನೆಗೆ ಬರುವುದು ವರ್ಷಕ್ಕೆ ಒಂದೆರಡು ಸಲ, ಹಬ್ಬಕ್ಕೋ ತಿಥಿಗೋ. ಸಂಜೆ ಅಮ್ಮ ಅವಳಿಗೆ ಫೋನ್ ಮಾಡಿದ್ದು ಕರು ಹುಟ್ಟಿತು ಅಂತ ಹೇಳಲಿಕ್ಕೆ. ಮಾತಿನ ನಡುವೆ "ಇನ್ನೂ ಎದ್ದಿಲ್ಲ, ಸುಸ್ತಾಗಿರಬೇಕು" ಅಂದಳು. ಆ ಕಡೆಯಿಂದ ಸಣ್ಣತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟನೇ ಸೂಲು?" ನಾಲ್ಕನೇದು ಅಂದಳು ಅಮ್ಮ. ಫೋನ್ ಇಟ್ಟವಳೇ ಸಣ್ಣತ್ತೆ ಕೊನೇ ಬಸ್ಸು ಹಿಡಿದಿದ್ದಾಳೆ. ಉಟ್ಟ ಸೀರೆ, ಕೈಯಲ್ಲೊಂದು ಟಾರ್ಚು, ಅಷ್ಟೇ. ಕ್ರಾಸಿನಲ್ಲಿ ಇಳಿದು ಮಳೆಯಲ್ಲೇ ನಡೆದು ಬಂದು, ಮನೆಯೊಳಗೆ ಕಾಲಿಡದೆ ನೇರ ಕೊಟ್ಟಿಗೆಗೆ ಹೋದಳು.

ಕೆಂಪಿಯ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ನನ್ನನ್ನು ಕರೆದಳು. "ಮುಟ್ಟು ಇಲ್ಲಿ." ಮುಟ್ಟಿದೆ. ತಣ್ಣಗಿತ್ತು. ಮೂತಿ ಒಣಗಿತ್ತು. ಕತ್ತನ್ನು ಕುಡುಗೋಲಿನ ಹಾಗೆ ಬಾಗಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದ್ದಳು. ನಾವು ಬಿಡಿಸಿ ಮುಂದಕ್ಕೆ ತಂದರೆ ಮತ್ತೆ ನಿಧಾನಕ್ಕೆ ಅದೇ ಜಾಗಕ್ಕೆ ಹೋಗುತ್ತಿತ್ತು. ಈಯುವಾಗ ಅಷ್ಟು ಪೆಟ್ಟಾದ ಹಸು ಸುಸ್ತಾಗಿ ಮಲಗಿದೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಸಣ್ಣತ್ತೆ ಹೇಳಿದಳು: "ಇದು ಸುಸ್ತಲ್ಲ. ಮೈಯಲ್ಲಿರೋ ಸುಣ್ಣ ಎಲ್ಲ ಕೆಚ್ಚಲಿಗೆ ಇಳಿದೈತೆ. ಡಾಕ್ಟ್ರಿಗೆ ಫೋನ್ ಮಾಡು, ಈಗ್ಲೇ."

ಡಾಕ್ಟ್ರು ಮಧ್ಯಾಹ್ನವಿಡೀ ನಮ್ಮ ಕೊಟ್ಟಿಗೆಯಲ್ಲೇ ಮಂಡಿಯೂರಿ ಕೂತಿದ್ದವರು. ಮನೆಗೆ ಹೋಗಿ ಊಟ ಮಾಡಿದ್ದರೋ ಇಲ್ಲವೋ, ಆ ಮಳೆಯಲ್ಲಿ ಬೈಕಿನಲ್ಲಿ ಮತ್ತೆ ಬಂದರು. ಸಣ್ಣತ್ತೆ ಸುಣ್ಣ ಅಂದದ್ದು ಕ್ಯಾಲ್ಸಿಯಂ; ಅದರ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮೈಬೆಚ್ಚಗೆ ಮಾಡಿಸಿ, ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿದರು. ಬಾಟಲಿ ಹಿಡಿದದ್ದು ಸಣ್ಣತ್ತೆ. ಡಾಕ್ಟ್ರು ಕಣ್ಣು ಮುಚ್ಚಿ ಕೆಂಪಿಯ ಎದೆಗೆ ಸ್ಟೆತಸ್ಕೋಪ್ ಒತ್ತಿಕೊಂಡು ಕೂತರು. ಅದು ಬೇಗ ಹೋದರೆ ಹೃದಯವೇ ನಿಂತುಹೋಗಬಹುದು ಅಂತ ಮೊದಲೇ ಹೇಳಿದ್ದರು. "ಕೆಳಗೆ" ಅಂದರೆ ಸಣ್ಣತ್ತೆ ಬಾಟಲಿ ಇಳಿಸುವಳು, "ಸ್ವಲ್ಪ ಮೇಲೆ" ಅಂದರೆ ಎತ್ತುವಳು. ಅಷ್ಟು ಹೊತ್ತೂ ಅವಳ ಕೈ ಒಮ್ಮೆಯೂ ನಡುಗಲಿಲ್ಲ. ಕೊನೆಗೆ ಕೆಂಪಿಯ ಮೈಯೇ ನಡುಗತೊಡಗಿತು, ತೊಡೆಯ ಮಾಂಸ ಪಟಪಟ ಅದುರಿತು. ನಾನು ಹೆದರಿಬಿಟ್ಟೆ. "ಒಳ್ಳೇದು" ಅಂದರು ಡಾಕ್ಟ್ರು. ಆಮೇಲೆ ಒಂದು ದೊಡ್ಡ ತೇಗು, ಒಂದು ಪುಟ್ಟಿ ಸಗಣಿ. ಟಾರ್ಚಿನ ಬೆಳಕಿನಲ್ಲಿ ಅವಳ ಮೂತಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ ಮೂಡಿದ್ದನ್ನು ಸಣ್ಣತ್ತೆ ಬೆರಳಿನಿಂದ ಮುಟ್ಟಿ ಅಮ್ಮನಿಗೆ ತೋರಿಸಿದಳು. ಅಮ್ಮ ಮಧ್ಯಾಹ್ನದಿಂದ ಮೊದಲ ಸಲ ಆಗ ಕೆಳಗೆ ಕೂತಳು.

ಪ್ರಾಣ ಬಂತು. ಆದರೆ ಕೆಂಪಿ ಏಳಲಿಲ್ಲ.

ದನ ಏಳುವಾಗ ಮೊದಲು ಹಿಂಗಾಲು ಊರಿ ಸೊಂಟ ಎತ್ತಬೇಕು, ಆಮೇಲೆ ಮುಂಗಾಲು. ಕೆಂಪಿ ಸೊಂಟ ಎತ್ತಲು ನೋಡುವಳು, ಹಿಂಗಾಲು ಎರಡೂ ಎರಡು ಕಡೆ ಜಾರುವವು, ದೊಪ್ಪನೆ ಕೂರುವಳು. ಕರು ಅಷ್ಟು ಹೊತ್ತು ಸಿಕ್ಕಿಕೊಂಡು ಒಳಗಿನ ನರಕ್ಕೆ ಪೆಟ್ಟಾಗಿದೆ ಅಂದರು ಡಾಕ್ಟ್ರು. ವಾಸಿಯಾಗಬಹುದು, ಆದರೆ ಅಲ್ಲಿಯವರೆಗೆ ಒಂದೇ ಮಗ್ಗುಲಲ್ಲಿ ಬಿಡಬೇಡಿ, ಅವಳ ಭಾರಕ್ಕೆ ಅವಳ ಕಾಲೇ ಸಾಯುತ್ತೆ ಅಂತ ಹೇಳಿ ಹೊರಟರು. ಮುನ್ನೂರೈವತ್ತು ಕೆಜಿಗೂ ಮೀರಿದ ಜರ್ಸಿ ಕ್ರಾಸು. ಕೊಟ್ಟಿಗೆಯಲ್ಲಿ ಮೂವರು ಹೆಂಗಸರು.

ಸಣ್ಣತ್ತೆ ಆ ರಾತ್ರಿ ನನಗೆ ಹಸುವನ್ನು ಮಗ್ಗುಲು ತಿರುಗಿಸುವುದನ್ನು ಕಲಿಸಿದಳು. ಬರೀ ಬಲದಿಂದ ಆಗುವ ಕೆಲಸ ಅಲ್ಲ ಅದು. ಮೊದಲು ಕತ್ತನ್ನು ತಿರುಗಿಸಬೇಕಾದ ಕಡೆಗೆ ತರಬೇಕು. ಮುಂಗಾಲು ಮಡಚಿ ಎದೆಯ ಕೆಳಗೆ ಸೇರಿಸಬೇಕು. ಆಮೇಲೆ ಸೊಂಟದ ಮೂಳೆಗೆ ಭುಜ ಕೊಟ್ಟು ನಿಧಾನಕ್ಕೆ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಹಸುವೇ ತೂಗಿಕೊಳ್ಳುತ್ತೆ. ಆ ಒಂದು ಗಳಿಗೆಯಲ್ಲಿ ಇನ್ನೊಬ್ಬರು ಕೆಳಗೆ ಸಿಕ್ಕಿದ್ದ ಹಿಂಗಾಲನ್ನು ಹೊರಗೆಳೆದುಬಿಡಬೇಕು. ತಿರುಗಿಸಿದ ಮೇಲೆ ಬೆನ್ನಿಗೆ ಹುಲ್ಲು ತುಂಬಿದ ಗೋಣಿಚೀಲದ ಒತ್ತು. ಕೆಳಗಿದ್ದ ತೊಡೆಗೆ ಬಿಸಿನೀರಿನ ಗೋಣಿ, ಆಮೇಲೆ ಕೈಯಲ್ಲಿ ತಿಕ್ಕುವುದು. ಹಿಂಗಾಲು ಮತ್ತೆ ಅಗಲ ಜಾರದಿರಲಿ ಅಂತ ತನ್ನ ಸೀರೆಯ ಸೆರಗು ಹರಿದು ಎರಡೂ ಕಾಲಿಗೆ ನಡುವೆ ಒಂದು ಮೊಳ ಬಿಟ್ಟು ಸಡಿಲಾಗಿ ಕಟ್ಟಿದಳು. ಅಮ್ಮ ಬೇಡ ಬೇಡ ಅನ್ನುವಷ್ಟರಲ್ಲಿ ಹರಿದಾಗಿತ್ತು.

ತಿರುಗಿಸಿದೆವು, ತಿಕ್ಕಿದೆವು, ಮತ್ತೆ ತಿರುಗಿಸಿದೆವು. ನಡುರಾತ್ರಿ ದಾಟಿದ ಮೇಲೆ ಕೆಂಪಿ ಒಂಥರಾ ನರಳತೊಡಗಿದಳು. ಹಸು ಹಾಗೆ ನರಳುವುದನ್ನು ನಾನು ಕೇಳಿಯೇ ಇರಲಿಲ್ಲ. ಪಕ್ಕದ ಗೊಂತಿನಲ್ಲಿ ಕರು ಕೂಗುವುದು, ಇವಳು ತಲೆ ಎತ್ತಿ ಅತ್ತ ನೋಡುವುದು, ಏಳಲು ಹೋಗುವುದು, ಬೀಳುವುದು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಇದು ಮುಗಿದುಹೋಗಲಿ ಅನ್ನಿಸಿಬಿಟ್ಟಿತ್ತು. ಅವಳು ಹೋಗಿಬಿಡಲಿ, ನೋವು ತಪ್ಪಲಿ ಅನ್ನಿಸಿತ್ತು. ನನ್ನ ಪಿಯುಸಿ, ಡಿಗ್ರಿ, ಬಿಎಡ್ ಫೀಸು ಕಟ್ಟಿದ್ದು ಇವಳ ಹಾಲು, ಇವಳಮ್ಮನ ಹಾಲು. ಆದರೂ ಹಾಗನ್ನಿಸಿತು. ಸಣ್ಣತ್ತೆಗೆ ಅದನ್ನು ಹೇಳಿಯೂ ಬಿಟ್ಟೆ.

ಅವಳು ಬೈಯಲಿಲ್ಲ. ತಿಕ್ಕುತ್ತಿದ್ದ ಕೈ ನಿಲ್ಲಿಸದೆ ಹೇಳಿದಳು. ಮದುವೆಯಾದ ಹೊಸದರಲ್ಲಿ ಅವಳ ಮನೆಯಲ್ಲೂ ಹೀಗೇ ಒಂದು ಹಸು ಈದ ಮೇಲೆ ಬಿತ್ತಂತೆ. ಮಲಗಿದ ಕಡೆಯೇ ಮೇವು ನೀರು ಕೊಟ್ಟರಂತೆ, ದೇವರಿಗೆ ಹರಕೆ ಕಟ್ಟಿದರಂತೆ. "ಮಗ್ಗುಲು ತಿರುಗಿಸ್ಬೇಕು ಅಂತ ನಮಗ್ಯಾರೂ ಹೇಳ್ಲಿಲ್ಲ ಕಣವ್ವ. ಹಿಂಡಿ ಮುಂದೆ ಇಟ್ರೆ ತಿಂತಿತ್ತು. ತಿಂತಾ ತಿಂತಾನೇ ಹೋಯ್ತು." ಆಮೇಲೆ ಡೇರಿಯಲ್ಲಿ ಹೆಂಗಸರಿಗೆ ಕೊಟ್ಟ ತರಬೇತಿಯೊಂದರಲ್ಲಿ ಬಿದ್ದ ಹಸುವಿನ ಆರೈಕೆ ಹೇಗೆ ಅಂತ ಹೇಳಿಕೊಟ್ಟಾಗ, ಎಲ್ಲರ ಮುಂದೆ ಅಳು ಬಂದುಬಿಟ್ಟಿತಂತೆ. ಅಲ್ಲಿಂದ ಈಚೆಗೆ ಸುತ್ತಮುತ್ತ ಎಲ್ಲಿ ಹಸು ಬಿದ್ದಿದೆ ಅಂತ ಕೇಳಿದರೂ ಹೋಗುತ್ತಾಳೆ. ಇಷ್ಟು ವರ್ಷ ನಮಗೆ ಇದು ಗೊತ್ತೇ ಇರಲಿಲ್ಲ. ಹಬ್ಬಕ್ಕೆ ಬಂದಾಗ ಅವಳು ಇದನ್ನೆಲ್ಲ ಹೇಳಿಕೊಳ್ಳುವವಳೂ ಅಲ್ಲ.

ಬೆಳಗ್ಗೆ ಬಂದು ನೋಡಿದ ಕೆಲವರು "ಇನ್ನು ಏಳಲ್ಲ, ಬಿಟ್ಬಿಡಿ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರು ಕಂಡದ್ದೇ ಹಾಗೆ. ಸಣ್ಣತ್ತೆ ಅವರಿಗೆ ವಾದ ಮಾಡಲಿಲ್ಲ. "ತಿಂತವ್ಳೆ, ಮೆಲುಕು ಹಾಕ್ತವ್ಳೆ, ಕಣ್ಣು ಚುರುಕೈತೆ. ಏಳೋಕೆ ನೋಡ್ತವ್ಳೆ. ನಾನ್ಯಾಕೆ ಬಿಡ್ಲಿ?" ಅಂತಷ್ಟೇ ಹೇಳಿ ಅವರ ಕೈಗೇ ಗೋಣಿಚೀಲ ಕೊಟ್ಟು ಕೆಲಸ ಹಚ್ಚಿದಳು. ಸಿಮೆಂಟು ನೆಲದಲ್ಲಿ ಕಾಲು ಊರಲು ಆಗಲ್ಲ ಅಂತ ಗೊತ್ತಾದ ಮೇಲೆ ನಮ್ಮೂರಿನ ಹುಡುಗರು ಕೆಂಪಿಯನ್ನು ದಪ್ಪ ಟಾರ್ಪಾಲಿನ ಮೇಲೆ ಉರುಳಿಸಿಕೊಂಡು ಹಿತ್ತಲ ಮಣ್ಣಿಗೆ ಎಳೆದು ತಂದರು. ಮಳೆಗೆ ಮೇಲೆ ಗರಿ ಚಪ್ಪರ ಹಾಕಿದರು. ನಾರಿನ ಫ್ಯಾಕ್ಟರಿಯವರು ಟ್ರಾಕ್ಟರ್ ತುಂಬ ಒಣಗಿದ ನಾರಿನ ಪುಡಿ ಕಳಿಸಿ ದುಡ್ಡು ಬೇಡ ಅಂದರು. ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿ ಬಿಟ್ಟರೆ ಧಾರಾಳವಾಗಿ ಸಿಗುವುದು ಅದೇ ತಾನೆ! ಅಷ್ಟು ಮೆತ್ತಗಿನ ಹಾಸಿಗೆ ಇದ್ದಿದ್ದಕ್ಕೇ ಅವಳ ಮೈಮೇಲೆ ಒಂದೇ ಒಂದು ಹುಣ್ಣೂ ಆಗಲಿಲ್ಲ.

ಕೆಂಪಿಯನ್ನು ಎತ್ತಲು ಅಂತ ಗ್ಯಾರೇಜಿನಿಂದ ಚೈನ್ ಪುಲ್ಲಿ ತಂದು ಮಾವಿನ ಕೊಂಬೆಗೆ ಕಟ್ಟಿಕೊಟ್ಟವರಿಗೆ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದಾಗ ಪಶು ಸಂಜೀವಿನಿ ಗಾಡಿಯಲ್ಲಿ ಬಂದು ಮನೆಯವರ ಹಾಗೆ ನೋಡಿಕೊಂಡ ಸಿಬ್ಬಂದಿಗೆ, ರಾತ್ರಿ ಶಟರ್ ತೆಗೆದು ಔಷಧಿ ಕೊಟ್ಟ ಅಂಗಡಿಯವರಿಗೆ, ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡ ಸ್ಕೂಲಿನ ಮಿಸ್‌ಗಳಿಗೆ, ಬೆಂಗಳೂರಿನಿಂದ ದುಡ್ಡು ಕಳಿಸಿದ ಗೆಳತಿಯರಿಗೆ ನಮಸ್ಕಾರ. ಕೆಳಗೇರಿಯ ಅಕ್ಕನಿಗೆ ಮಾತ್ರ ಒಂದು ಮಾತು ಜಾಸ್ತಿ ಹೇಳಬೇಕು. ಹುಟ್ಟಿದ ಕೆಲವೇ ಗಂಟೆಯೊಳಗೆ ಗಿಣ್ಣು ಹೊಟ್ಟೆಗೆ ಹೋಗದಿದ್ದರೆ ಕರುವಿಗೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ. ಕೆಂಪಿಯ ಕೆಚ್ಚಲಿಗೆ ಕೈ ಹಾಕುವ ಸ್ಥಿತಿ ಇರಲಿಲ್ಲ. ಹಿಂದಿನ ದಿನ ತಾನೆ ಈದಿದ್ದ ತನ್ನ ಹಸುವಿನ ಮೊದಲ ಗಿಣ್ಣಿನಲ್ಲಿ ಎತ್ತಿಟ್ಟಿದ್ದ ಪಾಲನ್ನು ಅಕ್ಕ ಚೊಂಬಿನಲ್ಲಿ ತಂದು, ತಾನೇ ಬೆರಳು ಚೀಪಿಸಿ ಕುಡಿಸಿದಳು. ಕರು ಇವತ್ತು ಓಡಾಡುತ್ತಿದ್ದರೆ ಅದು ಆ ಚೊಂಬಿನಿಂದ.

ಅಮ್ಮನ ಬಗ್ಗೆಯೂ ಬರೆಯುತ್ತೇನೆ, ಅವಳು ಇದನ್ನು ಓದುವುದಿಲ್ಲ. ಸೂಜಿ ಔಷಧಿ ನಡೆಯುತ್ತಿದ್ದಷ್ಟು ದಿನ, ಆಮೇಲೆ ಡಾಕ್ಟ್ರು ಹೇಳಿದ ಗಡುವು ಮುಗಿಯುವವರೆಗೂ, ಕೆಂಪಿಯ ಹಾಲನ್ನು ಒಂದು ತೊಟ್ಟೂ ಡೇರಿಗೆ ಹಾಕಲಿಲ್ಲ. ಕರೆದದ್ದನ್ನು ತೆಂಗಿನ ಬುಡಕ್ಕೆ ಸುರಿದಳು. ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನವನ್ನೂ ಸೇರಿಸಿ ಲೆಕ್ಕ ಹಾಕುವ ಮನೆ ನಮ್ಮದು. ಕೇಳಿದರೆ "ಯಾರ ಮನೆ ಮಗು ಕುಡಿಯುತ್ತೋ" ಅಂದಳು. ಇವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಹೆಮ್ಮೆ.

ಕೆಂಪಿ ಎದ್ದದ್ದು ಯಾರೂ ಎತ್ತದೆ. ಬೆಳಗಿನ ಜಾವ ಸಣ್ಣತ್ತೆ ಮಗ್ಗುಲು ತಿರುಗಿಸಲು ಅಂತ ಕತ್ತಿಗೆ ಕೈ ಹಾಕಿದ್ದಾಳೆ, ಇವಳು ಸೊಂಟ ಎತ್ತಿದ್ದಾಳೆ. ಅರ್ಧ ಎದ್ದು ಮುಂಗಾಲ ಮಂಡಿಯ ಮೇಲೆ ನಿಂತು ಒಂದು ಉಸಿರು ಬಿಟ್ಟಳು. ಸಣ್ಣತ್ತೆ ಬಾಲದ ಬುಡಕ್ಕೆ ಕೈ ಕೊಟ್ಟು ಆಧರಿಸಿಕೊಂಡು "ಅವ್ವಾ, ನನ್ನವ್ವಾ, ಅಂಗೇ, ಅಂಗೇ" ಅಂದಳು. ನಿಂತಳು. ನಡುಗುತ್ತಲೇ ನಿಂತಳು. ನಾನು ಜೋರಾಗಿ ಕೂಗಿಕೊಂಡೆ. ಸಣ್ಣತ್ತೆ ನನ್ನ ಬಾಯಿ ಮುಚ್ಚಿಸಿ, ಬಕೆಟ್ಟಿನಲ್ಲಿ ಬೆಲ್ಲ ಹಾಕಿದ ರಾಗಿ ಅಂಬಲಿ ತಂದು ಅವಳು ನಿಂತಿರುವಾಗಲೇ ಕುಡಿಸಿದಳು. ಆವತ್ತು ಸಂಜೆಯ ಬಸ್ಸಿಗೆ ಊರಿಗೆ ಹೊರಟಳು. ಅಮ್ಮ ಕೊಟ್ಟ ಹೊಸ ಸೀರೆ ಉಟ್ಟುಕೊಂಡಳು, ದುಡ್ಡು ಮುಟ್ಟಲಿಲ್ಲ.

ಸಣ್ಣತ್ತೆ, ಇದನ್ನು ನಿನ್ನ ಮೊಮ್ಮಗಳು ನಿನಗೆ ಓದಿ ಹೇಳುತ್ತಾಳೆ. ಡಾಕ್ಟ್ರು ಔಷಧಿ ಕೊಟ್ಟು ಪ್ರಾಣ ಉಳಿಸಿದರು. ಕಾಲು ಉಳಿಸಿದ್ದು ನೀನು. ಅವರೂ ಅದನ್ನೇ ಹೇಳಿದರು, ನಿನ್ನ ಎದುರಿಗಲ್ಲ, ನೀನು ಬಸ್ಸು ಹತ್ತಿದ ಮೇಲೆ. ಕರು ಮೇವು ಹಿಡಿದ ಮೇಲೆ ನಿನ್ನ ಮನೆಗೇ. ನೀನು ಬೇಡ ಅಂದದ್ದನ್ನು ಅಮ್ಮ ಲೆಕ್ಕಕ್ಕೆ ಇಟ್ಟಿಲ್ಲ.

ಇನ್ನೊಂದು ವಿಷಯ, ನಮ್ಮೂರಿನವರಿಗೂ ಸುತ್ತಲಿನ ಹಳ್ಳಿಯವರಿಗೂ. ಗೆಳತಿಯರು ಕಳಿಸಿದ್ದರಲ್ಲಿ ಉಳಿದ ಹಣಕ್ಕೆ, ಅವರನ್ನು ಕೇಳಿಯೇ, ಹಸು ಎತ್ತುವ ಅಗಲದ ಬೆಲ್ಟು, ಒಂದು ಚೈನ್ ಪುಲ್ಲಿ, ದಪ್ಪ ಟಾರ್ಪಾಲು ತಂದು ಡೇರಿಯಲ್ಲಿ ಇಟ್ಟಿದ್ದೇವೆ. ಕೀಲಿ ಕಾರ್ಯದರ್ಶಿ ಹತ್ತಿರ ಇದೆ. ಯಾರ ಮನೆ ಹಸು ಬಿದ್ದರೂ ಹೊತ್ತು ನೋಡಬೇಡಿ, ಅವರನ್ನು ಎಬ್ಬಿಸಿ ತೆಗೆದುಕೊಂಡು ಹೋಗಿ. ಈದ ಹಸು ಏಳದೆ ಕಿವಿ ತಣ್ಣಗಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಮೊದಲು ಡಾಕ್ಟ್ರಿಗೆ ಫೋನ್ ಮಾಡಿ. ರಾತ್ರಿ ಮಗ್ಗುಲು ತಿರುಗಿಸಲು ಕೈ ಬೇಕಾದರೆ ನಮ್ಮನೆಗೆ ಹೇಳಿ ಕಳಿಸಿ, ನಾನೂ ಅಮ್ಮನೂ ಬರುತ್ತೇವೆ.