ಬೋಧನೆಗೆ ನೆರವಾಗುವವರು ‘ಬೋಧಕೇತರ’ರೇ?

ಸಂಪಾದಕರಿಗೆ,

ಮಾನ್ಯರೇ,

ವಿಶ್ವವಿದ್ಯಾಲಯಗಳಲ್ಲಿ ಪಾಠದ ಮಟ್ಟ ಕುಸಿಯುತ್ತಿದೆ ಎಂಬ ವಿಷಯವಾಗಿ ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಕೆಲವು ವಾರಗಳಿಂದ ಬರುತ್ತಿರುವ ಪತ್ರಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ಖಾಲಿ ಹುದ್ದೆಗಳನ್ನು ತುಂಬಬೇಕೆಂದು ಒಬ್ಬರು, ಅಧ್ಯಾಪಕರ ಹಾಜರಾತಿಯನ್ನು ಬಿಗಿಗೊಳಿಸಬೇಕೆಂದು ಇನ್ನೊಬ್ಬರು, ವಿದ್ಯಾರ್ಥಿಗಳಿಂದಲೇ ಅಧ್ಯಾಪಕರಿಗೆ ಅಂಕ ಕೊಡಿಸಬೇಕೆಂದು ಮತ್ತೊಬ್ಬರು ಬರೆದಿದ್ದಾರೆ. ಹುದ್ದೆ ತುಂಬಬೇಕೆಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ನೇಮಕವಾಗಿ ಬಂದವರು ತರಗತಿಯಲ್ಲಿ ಎಡವಿದಾಗ ಅವರ ಪಕ್ಕದಲ್ಲಿ ಕುಳಿತು ನೆರವಾಗಬೇಕಾದವರು ಯಾರು ಎಂಬ ಪ್ರಶ್ನೆ ಇಷ್ಟು ಪತ್ರಗಳಲ್ಲಿ ಒಂದರಲ್ಲೂ ಏಳಲಿಲ್ಲ. ಸಂಖ್ಯಾಶಾಸ್ತ್ರವನ್ನು ಮೂರು ದಶಕಗಳ ಕಾಲ ಕಲಿಸಿ ನಿವೃತ್ತನಾದ ನನಗೆ ಆ ಪ್ರಶ್ನೆಯೇ ಮುಖ್ಯವೆನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಕಲಿಸುವ ಕಲೆಯಲ್ಲಿ ತರಬೇತಿ ಪಡೆದಿರಬೇಕು. ವಿಶ್ವವಿದ್ಯಾಲಯದಲ್ಲಿ ಕಲಿಸಲು ಅದು ಬೇಕಿಲ್ಲ, ಪಿಎಚ್.ಡಿ. ಇದ್ದರೆ ಸಾಕು ಎಂಬುದು ಪ್ರಪಂಚದ ಬಹುಪಾಲು ಕಡೆ ನಡೆದುಬಂದ ರೂಢಿ. ಪಿಎಚ್.ಡಿ. ಎಂಬುದು ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಅಗೆಯುವ ತರಬೇತಿ. ಎಂಬತ್ತು ಜನರ ಎದುರು ನಿಂತು, ಅವರಲ್ಲಿ ಯಾರಿಗೆ ಏನು ಅರ್ಥವಾಗಿಲ್ಲವೆಂದು ಊಹಿಸಿ, ಮುಂದಿನ ಐದು ನಿಮಿಷದಲ್ಲಿ ಏನು ಹೇಳಬೇಕೆಂದು ನಿರ್ಧರಿಸುವುದು ಬೇರೆಯೇ ವಿದ್ಯೆ. ನಾನು ಕೆಲಸಕ್ಕೆ ಸೇರಿದ ದಿನ ವಿಭಾಗದ ಮುಖ್ಯಸ್ಥರು ಪಠ್ಯಕ್ರಮದ ಪ್ರತಿ, ವೇಳಾಪಟ್ಟಿ ಮತ್ತು ಒಂದು ಪೆಟ್ಟಿಗೆ ಸೀಮೆಸುಣ್ಣ ಕೊಟ್ಟು ತರಗತಿಯ ಬಾಗಿಲು ತೋರಿಸಿದರು. ನನ್ನ ಗುರುಗಳು ನನಗೆ ಹೇಗೆ ಪಾಠ ಮಾಡಿದ್ದರೋ ಹಾಗೆಯೇ ನಾನೂ ಹನ್ನೊಂದು ವರ್ಷ ಮಾಡಿದೆ.

ಹನ್ನೆರಡನೆಯ ವರ್ಷ ವಿಶ್ವವಿದ್ಯಾಲಯ ಒಂದು ಬೋಧನಾ ಬೆಂಬಲ ಕೇಂದ್ರವನ್ನು ತೆರೆಯಿತು. ಒಂದು ಕೋಣೆ, ಇಬ್ಬರು ಸಿಬ್ಬಂದಿ, ಇಬ್ಬರೂ ಗುತ್ತಿಗೆಯ ಮೇಲೆ. ಅವರಲ್ಲೊಬ್ಬರು ನನ್ನ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕೂರಲು ಅನುಮತಿ ಕೇಳಿದರು. ಒಪ್ಪಿಕೊಂಡೆನಾದರೂ ಮನಸ್ಸಿನಲ್ಲಿ ಅಸಮಾಧಾನವಿತ್ತು. ಸಂಖ್ಯಾಶಾಸ್ತ್ರ ಓದದವರು ಬಂದು ಇಲ್ಲಿ ನೋಡುವುದೇನು ಎಂದುಕೊಂಡೆ. ಪಾಠ ಮುಗಿದ ಮೇಲೆ ಅವರು ನನ್ನ ಕೈಗೆ ಕೊಟ್ಟ ಒಂದು ಹಾಳೆಯಲ್ಲಿ ಹೊಗಳಿಕೆಯೂ ಇರಲಿಲ್ಲ, ಟೀಕೆಯೂ ಇರಲಿಲ್ಲ, ಬರೀ ಅಂಕಿಗಳಿದ್ದವು. ಐವತ್ತು ನಿಮಿಷಗಳಲ್ಲಿ ನಾನು ತರಗತಿಗೆ ಇಪ್ಪತ್ತಮೂರು ಪ್ರಶ್ನೆ ಕೇಳಿದ್ದೆ. ಅವುಗಳಲ್ಲಿ ಹತ್ತೊಂಬತ್ತಕ್ಕೆ ಎರಡು ಸೆಕೆಂಡು ತುಂಬುವ ಮೊದಲೇ ನಾನೇ ಉತ್ತರ ಹೇಳಿದ್ದೆ. ಅಂಕಿಗಳನ್ನು ನಂಬುವುದೇ ಕಸುಬಾಗಿದ್ದವನಿಗೆ ಅದಕ್ಕೆ ಎದುರಾಡುವ ದಾರಿ ಇರಲಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಶಾಲಾ ತರಗತಿಗಳಲ್ಲಿ ಇದನ್ನು ಅಳೆದಿದ್ದರೆಂಬುದು ನನಗೆ ಆಮೇಲೆ ತಿಳಿಯಿತು: ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆ, ಎಂದೂ ಬಾಯಿ ಬಿಡದವರು ಮಾತನಾಡತೊಡಗುತ್ತಾರೆ. ಮೂರು ಸೆಕೆಂಡು ಸುಮ್ಮನಿರುವುದನ್ನು ಕಲಿಯಲು ನನಗೆ ಒಂದಿಡೀ ಸೆಮಿಸ್ಟರ್ ಬೇಕಾಯಿತು. ಆ ಅವಧಿಯಲ್ಲಿ ಅವರು ಆರು ಸಲ ಬಂದು ಕುಳಿತರು.

ನಮ್ಮ ಆಡಳಿತದ ಭಾಷೆಯಲ್ಲಿ ಇಂಥವರಿಗೆ ಇರುವ ಹೆಸರು ‘ಬೋಧಕೇತರ ಸಿಬ್ಬಂದಿ’. ಲೆಕ್ಕಪತ್ರ ಶಾಖೆಯವರು, ಉಗ್ರಾಣದವರು, ವಾಹನ ಚಾಲಕರು ಎಲ್ಲರೂ ಇರುವ ಪಟ್ಟಿಯಲ್ಲೇ ಇವರೂ ಇರುತ್ತಾರೆ. ಆ ಪಟ್ಟಿಯಲ್ಲಿರುವ ಯಾರನ್ನೂ ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ದಿನವಿಡೀ ಬೋಧನೆಯನ್ನಲ್ಲದೆ ಬೇರೇನನ್ನೂ ಯೋಚಿಸದ ವ್ಯಕ್ತಿಯನ್ನು ಬೋಧನೆಗೆ ‘ಇತರ’ರೆಂದು ಗುರುತಿಸುವ ಪದಕ್ಕೆ ಫಲಗಳೂ ಇವೆ. ಬೋಧಕೇತರರಿಗೆ ಅಧ್ಯಯನ ಮಂಡಳಿಯಲ್ಲಿ ಸ್ಥಾನವಿಲ್ಲ. ಪಠ್ಯಕ್ರಮ ಬದಲಾಗುವ ಸಭೆಗೆ ಕರೆಯಿಲ್ಲ. ಸಂಶೋಧನೆ ಮಾಡಿದರೂ ಅದು ಬಡ್ತಿಗೆ ಲೆಕ್ಕವಿಲ್ಲ. ಅಧ್ಯಾಪಕರಂತೂ, ನಾನು ಮೊದಲು ಮಾಡಿದ ಹಾಗೆ, ‘ಇವರು ನಮಗೇನು ಹೇಳಿಯಾರು’ ಎಂದೇ ಮಾತು ಆರಂಭಿಸುತ್ತಾರೆ.

ಇದು ಹೊಸ ಕಸುಬೇನಲ್ಲ. ಮಿಶಿಗನ್ ವಿಶ್ವವಿದ್ಯಾಲಯ ಕಲಿಕೆ ಮತ್ತು ಬೋಧನೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದ್ದು 1962ರಲ್ಲಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಇಂಥದ್ದೇ ಕೇಂದ್ರ ಆರಂಭವಾದಾಗ ಅದರ ಹೆಸರಿನಲ್ಲಿ ‘ಕ್ಲಿನಿಕ್’ ಎಂಬ ಪದವೇ ಇತ್ತು. ಬ್ರಿಟನ್ನಿನಲ್ಲಿ 1997ರ ಡಿಯರಿಂಗ್ ಸಮಿತಿಯ ವರದಿ ಉನ್ನತ ಶಿಕ್ಷಣದ ಅಧ್ಯಾಪಕರಿಗೆ ಬೋಧನೆಯಲ್ಲಿ ವೃತ್ತಿಪರ ತರಬೇತಿ ಬೇಕೆಂದು ಹೇಳಿತು. ನಾರ್ವೆಯಲ್ಲಿ ಈಗ ಅಧ್ಯಾಪಕರು ಕನಿಷ್ಠ 200 ಗಂಟೆಗಳ ಬೋಧನಾ ತರಬೇತಿಯನ್ನು ಪೂರೈಸಬೇಕೆಂಬುದು ನಿಯಮ. ಭಾರತದಲ್ಲಿಯೂ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, ಅಧ್ಯಾಪಕರಿಗೇ ತರಬೇತಿ ಕೊಡುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. ಆದ್ದರಿಂದ ಈ ಕೆಲಸ ಬೇಕೋ ಬೇಡವೋ ಎಂಬ ಚರ್ಚೆ ಬಹಳ ಹಿಂದೆಯೇ ಮುಗಿದಿದೆ. ಅದನ್ನು ಯಾರಿಂದ, ಹೇಗೆ, ಯಾವ ಭದ್ರತೆಯ ಮೇಲೆ ಮಾಡಿಸಬೇಕೆಂಬುದು ಮಾತ್ರ ಬಹಳಷ್ಟು ಕಡೆ ಇನ್ನೂ ಇತ್ಯರ್ಥವಾಗಿಲ್ಲ.

ಸಾಮಾನ್ಯವಾಗಿ ಆಡಳಿತ ಹಿಡಿಯುವ ದಾರಿ ಶಿಬಿರದ್ದು. ಅಧ್ಯಾಪಕರನ್ನು ಕೆಲವು ದಿನ ಅಥವಾ ಕೆಲವು ವಾರ ಒಂದೆಡೆ ಕೂರಿಸಿ, ಉಪನ್ಯಾಸದಿಂದ ಪ್ರಯೋಜನವಿಲ್ಲ ಎಂಬ ವಿಷಯದ ಮೇಲೆ ಉಪನ್ಯಾಸ ಕೊಟ್ಟು, ಪ್ರಮಾಣಪತ್ರ ಹಂಚಿ ಕಳಿಸಲಾಗುತ್ತದೆ. ನಾನೂ ಅಂಥ ಪ್ರಮಾಣಪತ್ರಗಳನ್ನು ಸಂಗ್ರಹಿಸಿದ್ದೇನೆ, ಅವು ಬಡ್ತಿಗೆ ಉಪಯೋಗಕ್ಕೂ ಬಂದಿವೆ. ತರಗತಿಯಲ್ಲಿ ನನ್ನ ನಡೆಯನ್ನು ಬದಲಿಸಿದ್ದು ಮಾತ್ರ ಹಿಂದಿನ ಸಾಲಿನ ಆ ಹಾಳೆ. ತರಬೇತಿ ವ್ಯರ್ಥ ಎನ್ನುತ್ತಿಲ್ಲ. ಎಂಟು ದೇಶಗಳ 22 ವಿಶ್ವವಿದ್ಯಾಲಯಗಳಲ್ಲಿ ಗಿಬ್ಸ್ ಮತ್ತು ಕಾಫಿ ಎಂಬ ಸಂಶೋಧಕರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳುಗಟ್ಟಲೆ ನಡೆಯುವ ತರಬೇತಿ ಪಡೆದ ಹೊಸ ಅಧ್ಯಾಪಕರು ವಿದ್ಯಾರ್ಥಿಗಳ ಕಲಿಕೆಯ ಕಡೆಗೆ ಹೆಚ್ಚು ಗಮನ ಕೊಡತೊಡಗಿದ್ದರು. ಯಾವ ತರಬೇತಿಯೂ ಇಲ್ಲದವರು ಇದ್ದಲ್ಲೇ ಉಳಿದಿದ್ದರು ಅಥವಾ ಹಿಂದಕ್ಕೆ ಸರಿದಿದ್ದರು. ಇಲ್ಲಿ ಗಮನಿಸಬೇಕಾದ್ದು ಅವಧಿ. ತಿಂಗಳುಗಟ್ಟಲೆ ಜೊತೆಗಿರಬೇಕೆಂದರೆ ಹೊರಗಿನಿಂದ ಒಂದು ದಿನಕ್ಕೆ ಬಂದು ಹೋಗುವ ಸಂಪನ್ಮೂಲ ವ್ಯಕ್ತಿ ಸಾಲುವುದಿಲ್ಲ. ಅದೇ ಆವರಣದಲ್ಲಿ, ಬಾಗಿಲು ತಟ್ಟಿದರೆ ಸಿಗುವ ಜನ ಬೇಕು.

ಈ ಜೊತೆಯ ಅಗತ್ಯ ಎಷ್ಟೆಂಬುದನ್ನು ತೋರಿಸಲು ಒಂದು ಸಂಶೋಧನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬರೀ ಉಪನ್ಯಾಸ ಕೇಳುವುದಕ್ಕಿಂತ ತರಗತಿಯಲ್ಲೇ ಸಮಸ್ಯೆ ಬಿಡಿಸುವುದು, ಪಕ್ಕದವರೊಡನೆ ಚರ್ಚಿಸುವುದು ಮುಂತಾದ ಕ್ರಮಗಳಿಂದ ಹೆಚ್ಚು ಕಲಿಕೆಯಾಗುತ್ತದೆ ಎಂಬುದಕ್ಕೆ ಈಗ ಗಟ್ಟಿಯಾದ ಆಧಾರವಿದೆ. ವಿಜ್ಞಾನ, ಗಣಿತ ಮತ್ತು ಎಂಜಿನಿಯರಿಂಗ್ ವಿಷಯಗಳಲ್ಲಿ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದರ ಪ್ರಕಾರ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರ ಸರಾಸರಿ ಪ್ರಮಾಣ ಶೇ 33.8 ಇದ್ದರೆ ಇನ್ನೊಂದು ಬಗೆಯ ತರಗತಿಗಳಲ್ಲಿ ಅದು ಶೇ 21.8. ಆದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದರ ಇನ್ನೊಂದು ಮುಖವನ್ನು ತೋರಿಸಿತು: ಹಾಗೆ ತಾವೇ ಕೈಯಾಡಿಸಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವೆಂದೇ ಭಾವಿಸಿದರು. ಸಲೀಸಾದ ಉಪನ್ಯಾಸ ಕೇಳುವಾಗ ಎಲ್ಲವೂ ಅರ್ಥವಾದಂತೆ ತೋರುತ್ತದೆ. ತಲೆಗೆ ಕೆಲಸ ಕೊಟ್ಟಾಗ ತಡವರಿಕೆ ಕಣ್ಣಿಗೆ ಬೀಳುತ್ತದೆ.

ಈಗ ಒಬ್ಬ ಹೊಸ ಸಹಾಯಕ ಪ್ರಾಧ್ಯಾಪಕಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಒಳ್ಳೆಯ ಉದ್ದೇಶದಿಂದ ಕ್ರಮ ಬದಲಿಸುತ್ತಾರೆ. ಮೂರನೆಯ ವಾರಕ್ಕೆ ವಿದ್ಯಾರ್ಥಿಗಳು ‘ಮೇಡಂ ಪಾಠವನ್ನೇ ಮಾಡುವುದಿಲ್ಲ’ ಎಂದು ವಿಭಾಗದ ಮುಖ್ಯಸ್ಥರಿಗೆ ದೂರುತ್ತಾರೆ. ಸೆಮಿಸ್ಟರ್ ಕೊನೆಯಲ್ಲಿ ವಿದ್ಯಾರ್ಥಿಗಳು ಕೊಡುವ ಅಂಕವೂ ಕಡಿಮೆ ಬರುತ್ತದೆ. ಮುಂದಿನ ವರ್ಷ ಅವರು ಹಳೆಯ ಟಿಪ್ಪಣಿಗೆ ಮರಳದೆ ಇನ್ನೇನು ಮಾಡಿಯಾರು? ವಿದ್ಯಾರ್ಥಿಗಳಿಂದ ಅಂಕ ಕೊಡಿಸಬೇಕೆಂದು ಬರೆದ ಓದುಗರು ಇದನ್ನು ದಯವಿಟ್ಟು ಗಮನಿಸಬೇಕು. ಆ ಅಂಕಗಳಿಗೂ ವಿದ್ಯಾರ್ಥಿಗಳ ನಿಜವಾದ ಕಲಿಕೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣುವುದಿಲ್ಲ ಎಂದು, ಹಿಂದಿನ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಹೇಳಿದೆ. ವಿದ್ಯಾರ್ಥಿಗಳ ಮಾತನ್ನು ಕೇಳಬಾರದೆಂದಲ್ಲ. ಕೇಳುವ ರೀತಿ ಬೇರೆಯಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ಆಮೇಲೆ ಅನೇಕ ಕಡೆ ಬಳಕೆಗೆ ಬಂದ ವಿಧಾನವೊಂದರಲ್ಲಿ, ಸೆಮಿಸ್ಟರ್ ಅರ್ಧ ಮುಗಿದಾಗ ಬೆಂಬಲ ಸಿಬ್ಬಂದಿ ತರಗತಿಯ ಕೊನೆಯ ಅರ್ಧ ಗಂಟೆಯನ್ನು ಕೇಳಿ ಪಡೆಯುತ್ತಾರೆ. ಅಧ್ಯಾಪಕರು ಹೊರಗೆ ಹೋಗುತ್ತಾರೆ. ಕಲಿಯಲು ಯಾವುದು ನೆರವಾಗುತ್ತಿದೆ, ಯಾವುದು ಬದಲಾಗಬೇಕು, ಹೇಗೆ ಬದಲಾಗಬೇಕು ಎಂದು ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಚರ್ಚಿಸಿ, ಎಲ್ಲರೂ ಒಪ್ಪುವ ಮಾತುಗಳನ್ನು ಮಾತ್ರ ಬರೆದುಕೊಡುತ್ತಾರೆ. ಅದು ಅಧ್ಯಾಪಕರೊಬ್ಬರಿಗೇ ತಲುಪುತ್ತದೆ, ಮತ್ತು ಸರಿಪಡಿಸಿಕೊಳ್ಳಲು ಇನ್ನೂ ಅರ್ಧ ಸೆಮಿಸ್ಟರ್ ಉಳಿದಿರುವಾಗಲೇ ತಲುಪುತ್ತದೆ. ನನ್ನ ತರಗತಿಯಲ್ಲಿ ಇದನ್ನು ಮಾಡಿದಾಗ ಬಂದ ಮೊದಲ ಮಾತು, ಕರಿಹಲಗೆಯನ್ನು ಇಷ್ಟು ಬೇಗ ಅಳಿಸಬೇಡಿ ಎಂಬುದು. ಅಂಥದ್ದೊಂದು ದೂರು ಇರಬಹುದೆಂದು ನನಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ.

ಇದೆಲ್ಲ ನಡೆಯುವುದು ನಂಬಿಕೆಯ ಮೇಲೆ. ನೋಡಲು ಬಂದವರು ಕಂಡದ್ದನ್ನು ಮೇಲಿನವರಿಗೆ ಹೇಳುವುದಿಲ್ಲ ಎಂಬ ಭರವಸೆಯಿಲ್ಲದಿದ್ದರೆ ಯಾವ ಅಧ್ಯಾಪಕನೂ ತನ್ನ ತಪ್ಪನ್ನು ತೋರಿಸಿಕೊಳ್ಳುವುದಿಲ್ಲ. ಅವರು ಬರುವ ದಿನಕ್ಕೆಂದೇ ಒಂದು ಚಂದದ ಪಾಠವನ್ನು ತಯಾರಿಸಿ ತೋರಿಸಿ ಕಳಿಸುತ್ತಾನೆ. ಈ ಕಸುಬಿನಲ್ಲಿ ನೆರವನ್ನು ಮೌಲ್ಯಮಾಪನದಿಂದ ದೂರ ಇಡುವುದು ಆದ್ದರಿಂದಲೇ ಮೊದಲ ನಿಯಮ. ನಾನು ಹೇಳಿದ ಆ ಕೇಂದ್ರದಲ್ಲಿ ಮುರಿದದ್ದು ಇದೇ. ನಾಲ್ಕನೆಯ ವರ್ಷ ಆಡಳಿತ ಕಚೇರಿಯಿಂದ ಒಂದು ಪತ್ರ ಬಂತು: ಕೇಂದ್ರದ ನೆರವು ಪಡೆದ ಅಧ್ಯಾಪಕರ ಹೆಸರು, ಪ್ರತಿಯೊಬ್ಬರ ಲೋಪದೋಷಗಳು ಮತ್ತು ಸುಧಾರಣೆಯ ಪ್ರಮಾಣವನ್ನು ಒಂದು ನಮೂನೆಯಲ್ಲಿ ಭರ್ತಿ ಮಾಡಿ ಕಳಿಸಬೇಕು. ಕೇಂದ್ರದ ಸಿಬ್ಬಂದಿ ಒಟ್ಟು ಸಂಖ್ಯೆಯನ್ನು ಮಾತ್ರ ಬರೆದು ಹೆಸರುಗಳ ಕಲಮನ್ನು ಖಾಲಿ ಬಿಟ್ಟರು. ಕಾಯಂ ನೌಕರರಾಗಿದ್ದರೆ ಒಂದು ವಿವರಣೆ ಕೇಳುವಲ್ಲಿಗೆ ಮುಗಿಯುತ್ತಿತ್ತೇನೋ. ಗುತ್ತಿಗೆಯಾದ್ದರಿಂದ ಯಾರೂ ಏನೂ ಕೇಳಲಿಲ್ಲ. ಅವಧಿ ಮುಗಿದಾಗ ನವೀಕರಣದ ಆದೇಶ ಬರಲಿಲ್ಲ, ಅಷ್ಟೆ. ಕೋಣೆ ಆಮೇಲೆ ಉತ್ತರಪತ್ರಿಕೆಗಳ ಕಟ್ಟು ಇಡುವ ಜಾಗವಾಯಿತು. ನಾವು, ಅವರಿಂದ ನೆರವು ಪಡೆದ ಹತ್ತಾರು ಪ್ರಾಧ್ಯಾಪಕರು, ಒಂದು ಮನವಿ ಪತ್ರ ಕೂಡ ಕೊಡಲಿಲ್ಲವೆಂಬುದನ್ನು ಇಲ್ಲಿ ಬರೆಯದಿದ್ದರೆ ನನ್ನ ಮಾತು ಅರ್ಧ ಸುಳ್ಳಾಗುತ್ತದೆ.

ಈ ಸಿಬ್ಬಂದಿಯ ವಿರುದ್ಧ ಕೇಳಿಬರುವ ಒಂದು ಆಕ್ಷೇಪದಲ್ಲಿ ತಥ್ಯವಿದೆ ಎಂಬುದನ್ನೂ ಒಪ್ಪಬೇಕು. ಕೆಲವು ಕೇಂದ್ರಗಳು ಕ್ರಮೇಣ ತಂತ್ರಾಂಶ ಕಲಿಸುವ ಕಚೇರಿಗಳಾಗಿವೆ. 2020ರಲ್ಲಿ ಕೊರೊನಾದಿಂದಾಗಿ ಪಾಠಗಳೆಲ್ಲ ಒಮ್ಮೆಲೇ ಪರದೆಗೆ ಬಂದಾಗ ಹಗಲು ರಾತ್ರಿಯೆನ್ನದೆ ಅಧ್ಯಾಪಕರ ಕೈ ಹಿಡಿದು ನಡೆಸಿದವರು ಇವರೇ ಆದರೂ, ಆಮೇಲೆ ಆಡಳಿತದ ಕಣ್ಣಿಗೆ ಇವರು ಕಂಪ್ಯೂಟರಿನವರಾಗಿಯೇ ಉಳಿದರು. ಇನ್ನು ಕೆಲವರು, ಯಾವ ವಿಷಯದ ಅಧ್ಯಾಪಕರು ಬಂದರೂ ಒಂದೇ ಮಂತ್ರ ಹೇಳಿ ಕಳಿಸುತ್ತಾರೆ. ಕಾವ್ಯದ ತರಗತಿಗೂ ಉಷ್ಣಚಲನಶಾಸ್ತ್ರದ ತರಗತಿಗೂ ಒಂದೇ ಔಷಧಿ ನಾಟುವುದಿಲ್ಲ. ಇದಕ್ಕೆ ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ ಕಂಡುಕೊಂಡ ದಾರಿ ಗಮನಾರ್ಹ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಅವರು ಆರಂಭಿಸಿದ ಯೋಜನೆಯಲ್ಲಿ, ಆಯಾ ವಿಷಯವನ್ನು ಆಳವಾಗಿ ಓದಿ ಜೊತೆಗೆ ಕಲಿಕೆಯ ಬಗೆಗೂ ತರಬೇತಿ ಪಡೆದವರನ್ನು ಆಯಾ ವಿಭಾಗದೊಳಗೇ ನೇಮಿಸಲಾಯಿತು. ಅವರು ಅಧ್ಯಾಪಕರ ಜೊತೆ ಕುಳಿತು ಒಂದೊಂದು ಕೋರ್ಸನ್ನೂ, ವಿದ್ಯಾರ್ಥಿ ಕೊನೆಗೆ ಏನು ಮಾಡಬಲ್ಲವನಾಗಬೇಕು ಎಂಬಲ್ಲಿಂದ ಆರಂಭಿಸಿ, ಪ್ರಶ್ನೆಪತ್ರಿಕೆಯವರೆಗೆ ಹೊಸದಾಗಿ ಕಟ್ಟಿದರು. ರಸಾಯನಶಾಸ್ತ್ರ ಬಲ್ಲವರು ರಸಾಯನಶಾಸ್ತ್ರ ವಿಭಾಗದಲ್ಲೇ ಇದ್ದಾಗ ‘ಇವರು ನಮಗೇನು ಹೇಳಿಯಾರು’ ಎಂಬ ಮಾತಿಗೆ ಎಡೆಯಿರುವುದಿಲ್ಲ.

ಕಲಿಸುವ ಶಕ್ತಿ ಹುಟ್ಟಿನಿಂದ ಬರಬೇಕು, ಯಾರೂ ಕಲಿಸಿಕೊಡಲಾಗದು ಎನ್ನುವವರ ವಾದಕ್ಕೆ ಉದ್ದವಾಗಿ ಉತ್ತರಿಸುವ ಅಗತ್ಯ ಕಾಣುವುದಿಲ್ಲ. ಸಂಗೀತಗಾರರೂ ಕ್ರೀಡಾಪಟುಗಳೂ ಎಷ್ಟೇ ಪ್ರತಿಭಾವಂತರಾಗಿದ್ದರೂ ತಮ್ಮನ್ನು ಹೊರಗಿನಿಂದ ನೋಡುವ ಒಂದು ಜೊತೆ ಕಣ್ಣನ್ನು ಇಟ್ಟುಕೊಂಡಿರುತ್ತಾರೆ.

ವಿಶ್ವವಿದ್ಯಾಲಯಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಬೋಧನೆಗೆ ನೆರವಾಗುವವರ ಹುದ್ದೆಗಳು ಮಂಜೂರಾದ ಕಾಯಂ ಹುದ್ದೆಗಳಾಗಲಿ, ಅವರ ವೇತನ ಮತ್ತು ಬಡ್ತಿಯ ನಿಯಮಗಳು ಅಧ್ಯಾಪಕರ ನಿಯಮಗಳಿಗೆ ಹೊಂದುವಂತಿರಲಿ. ಅವರು ತರಗತಿಯಲ್ಲಿ ಕಂಡದ್ದು ಯಾವ ಅಧ್ಯಾಪಕರ ಸೇವಾ ಕಡತಕ್ಕೂ ಸೇರುವುದಿಲ್ಲ ಎಂಬುದು ಬಾಯಿಮಾತಿನ ಭರವಸೆಯಾಗಿ ಉಳಿಯದೆ ಲಿಖಿತ ಆದೇಶವಾಗಲಿ. ಅಧ್ಯಯನ ಮಂಡಳಿಗಳಲ್ಲಿ ಅವರಿಗೊಂದು ಕುರ್ಚಿ ಇರಲಿ. ಕೇಂದ್ರದ ಕೆಲಸವನ್ನು ಅಳೆಯಲೇಬೇಕಿದ್ದರೆ ಹಂಚಿದ ಪ್ರಮಾಣಪತ್ರಗಳನ್ನು ಎಣಿಸುವುದನ್ನು ಬಿಟ್ಟು, ಎರಡನೆಯ ಸಲ ತಾವಾಗಿಯೇ ಬಂದು ಬಾಗಿಲು ತಟ್ಟಿದ ಅಧ್ಯಾಪಕರೆಷ್ಟು ಎಂದು, ಹೆಸರು ಕೇಳದೆ, ಎಣಿಸಲಿ.

ಇಂಥ ಕೇಂದ್ರಗಳಲ್ಲಿ ಈಗ ಕೆಲಸ ಮಾಡುತ್ತಿರುವವರು ತಮ್ಮ ನೇಮಕದ ಷರತ್ತುಗಳು ಮತ್ತು ತಮ್ಮ ಮೇಲೆ ಬರುವ ಒತ್ತಡಗಳ ಬಗ್ಗೆ ಈ ಅಂಕಣಕ್ಕೆ ಬರೆದರೆ, ಅಗತ್ಯವಿದ್ದಲ್ಲಿ ಅವರ ಹೆಸರನ್ನು ಗೋಪ್ಯವಾಗಿಟ್ಟಾದರೂ ತಾವು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಂಖ್ಯಾಶಾಸ್ತ್ರದ ಒಬ್ಬ ನಿವೃತ್ತ ಪ್ರಾಧ್ಯಾಪಕ