ಡಿಸ್ಚಾರ್ಜ್ ಆದ ಮೇಲೆ ಯಾರು ವಿಚಾರಿಸುತ್ತಾರೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನನ್ನ ಚಿಕ್ಕಪ್ಪನ ಮಗ ಜೀವ ಕಳೆದುಕೊಳ್ಳಲು ಹೋಗಿ ಬದುಕಿ ಉಳಿದವನು. ಆವತ್ತು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು, "ಹೊಟ್ಟೆನೋವು ಅಂತ ಬರೆಸಪ್ಪಾ, ಪೊಲೀಸ್ ಕೇಸಾದ್ರೆ ಹುಡುಗನ ಗತಿ ಏನು?" ಎಂದು ಅತ್ತರು. ಡಾಕ್ಟರು, ನರ್ಸ್‌ಗಳು ರಾತ್ರಿಯಿಡೀ ನಿಂತು ಅವನನ್ನು ಉಳಿಸಿದರು. ಆ ಋಣ ತೀರುವಂಥದ್ದಲ್ಲ. ಐದನೇ ದಿನ ಡಿಸ್ಚಾರ್ಜ್ ಚೀಟಿ ಕೈಗೆ ಬಂತು. ಮೂರು ಥರದ ಮಾತ್ರೆ ಬರೆದಿದ್ದರು. ಮನಸ್ಸಿನ ಬಗ್ಗೆ, ಮುಂದೆ ಯಾರನ್ನು ಕಾಣಬೇಕು ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಒಮ್ಮೆ ಯತ್ನಿಸಿದವರಿಗೆ ಮತ್ತೆ ಅಪಾಯ ಬೇರೆಯವರಿಗಿಂತ ಜಾಸ್ತಿ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಂತೂ ತುಂಬಾ ಸೂಕ್ಷ್ಮ. ಸರಿಯಾಗಿ ಆಗಲೇ ನಾವು ಕೈಬಿಡುತ್ತಿದ್ದೇವೆ.

ಕಾನೂನು ಹಾಗೆ ಹೇಳೋದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಕರ್ತವ್ಯ. ಇದನ್ನು ಆವತ್ತು ಬಾಗಿಲಲ್ಲೇ ಯಾರಾದರೂ ಚಿಕ್ಕಮ್ಮನಿಗೆ ಹೇಳಬೇಕಿತ್ತು, ಅಲ್ವಾ?

2022ರಲ್ಲಿ ನಮ್ಮ ರಾಜ್ಯದಲ್ಲಿ 13,606 ಜನ ಹೀಗೆ ಹೋದರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ಹೊಟ್ಟೆನೋವು ಅಂತ ಬರೆಸಿದವರು ಯಾವ ಲೆಕ್ಕದಲ್ಲೂ ಇಲ್ಲ.

ಏನು ಮಾಡಬಹುದು ಅನ್ನೋದು ಗೊತ್ತಿಲ್ಲದ್ದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಇದನ್ನು ಮಾಡಿ ನೋಡಿತ್ತು. ಪಕ್ಕದ ಚೆನ್ನೈಯೂ ಅದರಲ್ಲಿತ್ತು. ಆಸ್ಪತ್ರೆ ಬಿಡುವಾಗ ಸುಮಾರು ಒಂದು ಗಂಟೆ ಕೂತು ಮಾತು. ಆಮೇಲೆ 18 ತಿಂಗಳಲ್ಲಿ 9 ಸಲ ಫೋನ್, ಇಲ್ಲವೇ ಮನೆಗೆ ಭೇಟಿ. ಅಷ್ಟೇ. ಮಾಮೂಲಿ ಚಿಕಿತ್ಸೆ ಕೊಟ್ಟು ಕಳಿಸಿದವರಲ್ಲಿ ನೂರಕ್ಕೆ 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಹೀಗೆ ವಿಚಾರಿಸುತ್ತಿದ್ದವರಲ್ಲಿ ಅದು 0.2. 2008ರಲ್ಲೇ ಪ್ರಕಟವಾದ ಫಲಿತಾಂಶ ಇದು.

ನಮ್ಮಲ್ಲಿ ಇಲ್ಲದ್ದೇನು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್ ಇಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯೋಜನೆ ಇದೆ. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಆದರೆ ವಾರ್ಡಿನಲ್ಲಿ ಮಲಗಿರುವ ಹುಡುಗನನ್ನು ಇವುಗಳಿಗೆ ಜೋಡಿಸುವವರೇ ಇಲ್ಲ.

ಹಾಗಾಗಿ ಒಂದೇ ಬೇಡಿಕೆ. ಆತ್ಮಹತ್ಯೆಗೆ ಯತ್ನಿಸಿ ದಾಖಲಾದ ಯಾರನ್ನೂ ಆಪ್ತಸಮಾಲೋಚಕರ ಜೊತೆ ಮಾತಾಡಿಸದೆ ಮನೆಗೆ ಕಳಿಸಬಾರದು ಅಂತ ಆದೇಶ ಮಾಡಿ. ಚೀಟಿಯಲ್ಲಿ ಮುಂದಿನ ಫೋನಿನ ತಾರೀಕು ಇರಲಿ, ಮಾಡುವವರ ಹೆಸರೂ ಇರಲಿ. ಗುಟ್ಟು ಕಾಪಾಡಲಿ. ದಯವಿಟ್ಟು ಇದನ್ನು ಸುಮ್ನೆ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಅವರ ಹೆಗಲ ಮೇಲೆ ಈಗಾಗಲೇ ಬೇಕಾದಷ್ಟಿದೆ. ಅವರೇ ಮಾಡಬೇಕೆಂದರೆ ತರಬೇತಿ ಕೊಡಿ, ಸಂಬಳ ಕೊಡಿ.

ನಮ್ಮ ಹುಡುಗ ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ಆರು ತಿಂಗಳು ದಿನಾ ಸಂಜೆ ಫೋನ್ ಮಾಡಿ "ಊಟ ಆಯ್ತೇನೋ?" ಅಂತ ಕೇಳುತ್ತಿದ್ದವರು ಅವನ ಹೈಸ್ಕೂಲ್ ಮೇಷ್ಟ್ರು. ಅಂಥ ಮೇಷ್ಟ್ರು ಎಲ್ಲರಿಗೂ ಸಿಗೋದಿಲ್ಲ, ಸಚಿವರೇ.

ಇಂತಿ,
ತಾಲ್ಲೂಕು ಊರಿನ ಒಬ್ಬ ಮತದಾರ