ಹಳೆ ಸಾಮಾನು ಆನ್‌ಲೈನ್‌ನಲ್ಲಿ ಮಾರುವವರ ಗಮನಕ್ಕೆ

ಮಾನ್ಯ ಸಂಪಾದಕರೆ,

ಕಾಲೇಜುಗಳ ಕೊನೆಯ ಪರೀಕ್ಷೆ ಮುಗಿಯುತ್ತಿದ್ದಂತೆ ದಾವಣಗೆರೆಯ ವಿದ್ಯಾನಗರ, ಎಂಸಿಸಿ ‘ಬಿ’ ಬ್ಲಾಕ್ ಕಡೆಯ ಬಾಡಿಗೆ ಕೋಣೆಗಳ ಮಂಚ, ಟೇಬಲ್, ಕೂಲರ್, ಸೈಕಲ್‌ಗಳೆಲ್ಲ ಒಮ್ಮೆಲೇ ಓಎಲ್‌ಎಕ್ಸ್‌ಗೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೋ ಏರುತ್ತವೆ. ಮನೆ ಬದಲಿಸುವವರ ಫ್ರಿಜ್ಜು, ವಾಷಿಂಗ್ ಮಷಿನ್ ವರ್ಷವಿಡೀ ಇದ್ದೇ ಇರುತ್ತವೆ. ಇನ್ನೂ ನಾಲ್ಕೈದು ವರ್ಷ ಬಾಳುವಂಥ ಸಾಮಾನು ಕೂಡ ಗಿರಾಕಿ ಸಿಗದೆ ಗುಜರಿಯವರ ಪಾಲಾಗುತ್ತಿದೆ. ಕೆಲವರು ಸಾಮಾನಿನ ಜೊತೆಗೆ ಖಾತೆಯಲ್ಲಿದ್ದ ದುಡ್ಡನ್ನೂ ಕಳೆದುಕೊಳ್ಳುತ್ತಿದ್ದಾರೆ. ದಿನವೂ ಈ ಯಂತ್ರಗಳನ್ನು ಬಿಚ್ಚಿ ಜೋಡಿಸುವವರಾಗಿ ನಮ್ಮ ಮಾತು ಇಷ್ಟೇ: ಮಾರುವವರು ವಸ್ತುವಿನ ಕುಂದನ್ನು ತಾವೇ ಮೊದಲು ಬರೆಯಬೇಕು, ಕೈಬದಲಾವಣೆಗೆ ಕಾಗದ ಮಾಡಿಕೊಳ್ಳಬೇಕು. ಈ ಎರಡು ಸರಿಯಾದರೆ ಮುಕ್ಕಾಲು ಪಾಲು ತಕರಾರು ಹುಟ್ಟುವುದೇ ಇಲ್ಲ.

‘ಫ್ರಿಜ್ ಗುಡ್ ಕಂಡಿಷನ್, ಅರ್ಜೆಂಟ್ ಸೇಲ್’ ಎಂದು ಒಂದು ಮಸುಕು ಫೋಟೊ ಹಾಕಿದರೆ ಹರಿಹರದಿಂದಲೋ ಜಗಳೂರಿನಿಂದಲೋ ಬಸ್ ಹತ್ತಿ ಯಾರು ಬರುತ್ತಾರೆ? ‘ಅರ್ಜೆಂಟ್’ ಎಂದ ಕೂಡಲೇ ಚೌಕಾಸಿ ಅರ್ಧ ಬೆಲೆಯಿಂದ ಶುರುವಾಗುತ್ತದೆ. ಜಾಹೀರಾತು ಹೀಗಿರಲಿ: ‘ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್, 7 ಕೆ.ಜಿ., 2019ರಲ್ಲಿ ಕೊಂಡಿದ್ದು, ಬಿಲ್ ಇದೆ. ಒಗೆಯುವ ಕಡೆ ಸರಿಯಿದೆ. ಹಿಂಡುವ ಕಡೆಯ ಮುಚ್ಚಳ ಸೀಳಿದೆ. ನೀರು ಹೋಗುವ ಪೈಪ್ ಹೊಸದು. ನಿಟುವಳ್ಳಿ, ನೆಲಮಹಡಿ. ಸಾಗಾಟದ ಖರ್ಚು ಕೊಂಡವರದು. 3,200 ರೂಪಾಯಿ.’ ಇದನ್ನು ಓದಿ ಬರುವವರು ಸೀಳಿದ ಮುಚ್ಚಳ ತೋರಿಸಿ ಐನೂರು ಇಳಿಸಿ ಎನ್ನುವುದಿಲ್ಲ, ಅದು ಅವರಿಗೆ ಮೊದಲೇ ಗೊತ್ತು. ಕಂಪನಿ ಹೆಸರು ಮತ್ತು ಮಾಡೆಲ್ ನಂಬರನ್ನು ಇಂಗ್ಲಿಷ್ ಅಕ್ಷರದಲ್ಲೂ ಹಾಕಿ, ಹುಡುಕುವವರು ಟೈಪ್ ಮಾಡುವುದು ಅದನ್ನೇ. ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಮುಂದೆ, ಹಿಂದೆ, ಒಳಗೆ, ಕಂಪನಿ ಅಂಟಿಸಿದ ಪಟ್ಟಿ, ಗೀರು ಬಿದ್ದ ಜಾಗ, ಎಲ್ಲವೂ ಕಾಣಲಿ. ಬಿಲ್‌ನ ಫೋಟೊ ಹಾಕುವಾಗ ವಿಳಾಸ, ಫೋನ್ ನಂಬರ್ ಮುಚ್ಚಿರಿ.

ಫ್ರಿಜ್ಜಿಗೆ ಲೀಟರ್ ಎಷ್ಟು, ವಿದ್ಯುತ್ ಉಳಿತಾಯದ ಸ್ಟಾರ್ ಎಷ್ಟು ಎಂಬುದರ ಜೊತೆ ಸ್ಟಾರ್ ಪಟ್ಟಿಯ ಮೇಲಿನ ವರ್ಷವನ್ನೂ ಬರೆಯಬೇಕು. ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರಾದ್ದರಿಂದ ಹಳೆಯ ಐದು ಸ್ಟಾರ್ ಇವತ್ತಿನ ಐದು ಸ್ಟಾರ್‌ಗೆ ಸಮವಲ್ಲ. ಗ್ಯಾಸ್ ತುಂಬಿಸಿದ್ದರೆ ಮುಚ್ಚಿಡಬೇಡಿ. ಸೋರುವ ಜಾಗ ಹುಡುಕಿ ಬೆಸುಗೆ ಹಾಕದೆ ಬರೀ ಗ್ಯಾಸ್ ತುಂಬಿಸಿದ್ದರೆ ಅದು ಮತ್ತೆ ಖಾಲಿಯಾಗುವುದು ಖಂಡಿತ, ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ. ಗಿರಾಕಿ ಬರುವ ಹಿಂದಿನ ರಾತ್ರಿಯೇ ಚಾಲೂ ಮಾಡಿ, ಟ್ರೇಯಲ್ಲಿ ಐಸ್ ಕಟ್ಟಿದ್ದನ್ನು ತೋರಿಸಿ. ಕೊಟ್ಟ ಮೇಲೆ ಸ್ವಿಚ್ ತೆಗೆದು, ಮಂಜು ಪೂರ್ತಿ ಕರಗಿಸಿ, ಬಾಗಿಲಿಗೆ ಟೇಪ್ ಸುತ್ತಿ ಲಗೇಜ್ ಆಟೊದಲ್ಲಿ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಪೈಪಿಗೆ ಹರಿಯುತ್ತದೆ. ಆ ಸ್ಥಿತಿಯಲ್ಲೇ ಸ್ವಿಚ್ ಒತ್ತಿದರೆ ಕಂಪ್ರೆಸರ್ ಕೆಡುವ ಅಪಾಯವಿದೆ. ಬೇರೆ ದಾರಿಯಿಲ್ಲದೆ ಮಲಗಿಸಿ ಒಯ್ದರೆ ನಿಲ್ಲಿಸಿಟ್ಟು ಒಂದು ದಿನ ಬಿಟ್ಟು ಚಾಲೂ ಮಾಡುವುದು ಕ್ಷೇಮ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್‌ಗೆ ಹಿಂಭಾಗದಲ್ಲಿ ಸಾಗಾಟದ ಬೋಲ್ಟ್ ಹಾಕಿ ಡ್ರಮ್ ಬಿಗಿ ಮಾಡದೆ ಕಳಿಸಲೇಬಾರದು. ಹೊಸದು ತಂದಾಗ ಬಿಚ್ಚಿದ ಆ ಬೋಲ್ಟ್‌ಗಳನ್ನು ಎಸೆಯದೆ ಇಟ್ಟುಕೊಳ್ಳಿ.

ಹಳ್ಳಿಗಳಿಂದ ಈಗ ಬೋರ್‌ವೆಲ್ ಮೋಟರ್ ಕೂಡ ಮಾರಾಟಕ್ಕೆ ಬರುತ್ತಿವೆ. ‘5 ಎಚ್‌ಪಿ ಮೋಟರ್ ಇದೆ’ ಎಂದರೆ ಸಾಲದು. ಎಷ್ಟು ಸ್ಟೇಜ್ (ನೀರನ್ನು ಮೇಲಕ್ಕೆ ತಳ್ಳಲು ಪಂಪಿನೊಳಗೆ ಒಂದರ ಮೇಲೊಂದು ಕೂರಿಸಿದ ಹಂತಗಳು), ಸಿಂಗಲ್ ಫೇಸೋ ತ್ರೀ ಫೇಸೋ, ಡೆಲಿವರಿ ಪೈಪ್ ಎಷ್ಟು ಇಂಚು, ಎಷ್ಟು ಅಡಿ ಆಳದಲ್ಲಿ ಓಡುತ್ತಿತ್ತು, ವೈಂಡಿಂಗ್ ಕಂಪನಿಯದ್ದೋ ಸುಟ್ಟ ಮೇಲೆ ಸುತ್ತಿಸಿದ್ದೋ, ಕೇಬಲ್, ಸ್ಟಾರ್ಟರ್ ಜೊತೆಗಿದೆಯೋ ಎಂಬುದೆಲ್ಲ ಬೇಕು. ಚಿತ್ರದುರ್ಗದ ಕಡೆಯ ಆಳದ ಬೋರ್‌ಗೆ ಸ್ಟೇಜ್ ಕಡಿಮೆಯಿರುವ ಪಂಪ್ ಇಳಿಸಿದರೆ ಮೋಟರ್ ತಿರುಗುತ್ತದೆ, ನೀರು ಮೇಲೆ ಬರುವುದಿಲ್ಲ. ಇಳಿಸಿ ಎತ್ತುವ ಕೂಲಿ ಮೈಮೇಲೆ. ಮಾರುವ ಕಾಲವೂ ಮುಖ್ಯ. ಕೂಲರ್‌ಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಕೇಳಿದ ಬೆಲೆ ಸಿಗುತ್ತದೆ, ಮಳೆ ಹಿಡಿದ ಮೇಲೆ ಕೇಳುವವರಿರುವುದಿಲ್ಲ. ಊರಿಗೆ ಹೊರಟ ವಿದ್ಯಾರ್ಥಿಗಳು ಅದನ್ನು ಜೂನಿಯರ್‌ಗಳಿಗೆ ಮೊದಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಅಡುಗೆ ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್‌ಗಳನ್ನು ಮಾತ್ರ ಯಾರಿಗೂ ಮಾರುವಂತಿಲ್ಲ. ಅವು ಗ್ಯಾಸ್ ಕಂಪನಿಯ ಸ್ವತ್ತು. ಏಜೆನ್ಸಿಗೆ ಮರಳಿಸಿ, ಕಾಗದ ತೋರಿಸಿ ಠೇವಣಿ ವಾಪಸ್ ಪಡೆಯಬೇಕು.

ಫೋನ್ ಮಾರುವವರು ಬರೀ ರೀಸೆಟ್ ಮಾಡಿ ಕೊಡುತ್ತಾರೆ. ಅಲ್ಲೇ ತೊಡಕು. ಆಂಡ್ರಾಯ್ಡ್‌ನಲ್ಲಿ ಮೊದಲು ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಬೇಕು, ಆಮೇಲೆ ಫ್ಯಾಕ್ಟರಿ ರೀಸೆಟ್. ಖಾತೆ ಉಳಿದುಬಿಟ್ಟರೆ ಕೊಂಡವರು ಆನ್ ಮಾಡಿದಾಗ ಹಳೆಯ ಪಾಸ್‌ವರ್ಡ್ ಕೇಳಬಹುದು, ಆಗ ಫೋನ್ ಕೆಲಸಕ್ಕೆ ಬಾರದು. ಐಫೋನ್‌ನಲ್ಲಿ ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಆಫ್ ಮಾಡುವುದು ಅಷ್ಟೇ ಅಗತ್ಯ. ಇದಕ್ಕೂ ಮುಂಚೆ ಯುಪಿಐ ಆ್ಯಪ್‌ಗಳಿಂದ ಹೊರಬಂದು, ಫೋಟೊ, ವಾಟ್ಸ್‌ಆ್ಯಪ್ ಬ್ಯಾಕಪ್ ತೆಗೆದು, ಸಿಮ್, ಮೆಮೊರಿ ಕಾರ್ಡ್ ಬಿಚ್ಚಿಟ್ಟುಕೊಳ್ಳಿ. ಮೆಮೊರಿ ಕಾರ್ಡನ್ನು ಫೋನ್ ಜೊತೆ ಕೊಡಲೇಬೇಡಿ, ಅಳಿಸಿದ ಫೋಟೊಗಳನ್ನು ಅದರಿಂದ ಮತ್ತೆ ಹೊರತೆಗೆಯುವುದು ಕಷ್ಟವಲ್ಲ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ರೀಸೆಟ್ ಮಾಡುವಾಗ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ಡ್ರೈವ್ ಪೂರ್ತಿ ಶುಚಿ ಮಾಡುವ ಆಯ್ಕೆಯನ್ನೂ ಒತ್ತಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಹಿಂಬದಿಯ ಮುಚ್ಚಳ ಉಬ್ಬಿದ ಫೋನ್ ಮಾರಾಟದ ವಸ್ತುವಲ್ಲ, ಒಳಗಿನ ಬ್ಯಾಟರಿ ಬೆಂಕಿ ಹಿಡಿಯಬಹುದು.

ಫೋನ್ ಕೊಳ್ಳುವವರು *#06# ಒತ್ತಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಡಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ, ಇಲ್ಲವೇ KYM ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಲಿ. ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಇಬ್ಬರ ಹೆಸರು, ಗುರುತಿನ ಚೀಟಿಯ ನಕಲು, ಐಎಂಇಐ, ಮೊತ್ತ, ದಿನಾಂಕ ಬರೆದ ಒಂದು ರಸೀದಿ ಇಬ್ಬರ ಬಳಿಯೂ ಇರಲಿ. ಮೊತ್ತ 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಮಾಡಿಸಬೇಕು.

ಇನ್ನು ಮೋಸದ ಮಾತು. ಸಾಮಾನನ್ನು ನೋಡದೆ, ಒಂದು ರೂಪಾಯಿ ಚೌಕಾಸಿ ಮಾಡದೆ ಹೇಳಿದ ಬೆಲೆಗೆ ಒಪ್ಪುವವರನ್ನು ಮೊದಲು ಅನುಮಾನಿಸಿ. ಸಾಮಾನ್ಯವಾಗಿ ಸೇನೆಯಲ್ಲಿದ್ದೇನೆ, ವರ್ಗವಾಗಿ ಬರುತ್ತಿದ್ದೇನೆ, ಗಾಡಿ ಕಳಿಸುತ್ತೇನೆ ಎನ್ನುತ್ತಾರೆ. ಗುರುತಿನ ಚೀಟಿಯ ಫೋಟೊವನ್ನೂ ಕಳಿಸುತ್ತಾರೆ. ಮೊದಲು ಐದು ರೂಪಾಯಿ ನಿಜವಾಗಿಯೂ ಜಮಾ ಆಗುತ್ತದೆ. ನಂಬಿಕೆ ಬಂತು ಅನ್ನುವಾಗ ‘ಹಣ ಬರಲು ಸ್ಕ್ಯಾನ್ ಮಾಡಿ’ ಎಂದು ಕ್ಯುಆರ್ ಕೋಡ್ ಕಳಿಸುತ್ತಾರೆ. ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಅನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿರುವುದು ಒಳ್ಳೆಯದೇ, ಕ್ಯುಆರ್ ಮೋಸಕ್ಕೆ ಅದರಿಂದ ತಡೆ ಬೀಳುವುದಿಲ್ಲ. ‘1,500ರ ಬದಲು 15,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ’ ಎಂಬುದು ಇನ್ನೊಂದು. ಬಂದಿರುವ ಎಸ್‌ಎಂಎಸ್ ಅವರೇ ಸೃಷ್ಟಿಸಿದ್ದು. ಸ್ಕ್ರೀನ್‌ಶಾಟ್, ಎಸ್‌ಎಂಎಸ್ ಎರಡನ್ನೂ ನಂಬದೆ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಖಾತೆಯಲ್ಲಿರುವ ಮೊತ್ತ ನೋಡಿಯೇ ಸಾಮಾನು ಕೈಬಿಡಿ. ದುಡ್ಡು ಹೋಗಿಬಿಟ್ಟರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುಂಚೆ ತಡೆಹಿಡಿಯುವ ಅವಕಾಶ ಇರುತ್ತದೆ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೈಕ್, ಕಾರು ಮಾರಾಟದಲ್ಲಿದೆ. ಮಾಲೀಕತ್ವ ಬದಲಿಸುವ ಫಾರಂ 29, 30ನ್ನು ತುಂಬದೆ ಖಾಲಿಯಾಗಿಯೇ ಸಹಿ ಹಾಕಿ, ಆರ್‌ಸಿ, ಕೀಲಿ ಕೊಟ್ಟು, ದುಡ್ಡೆಣಿಸಿಕೊಂಡು ಬರುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ಗಾಡಿ ಕೈಯಿಂದ ಕೈಗೆ ದಾಟಿ ಎಲ್ಲೋ ಅಪಘಾತ ಮಾಡಿದರೆ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ ಕಲಂ 50ರಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಪಡೆದು ಮೊದಲು ಅದನ್ನು ತೆಗೆಸಿ. ಬಾಕಿ ದಂಡ ಕಟ್ಟಿ. ಗಾಡಿ ಕೊಟ್ಟ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಕೊಂಡವರ ಸಹಿ ಪಡೆಯಿರಿ. ಕಾರಾದರೆ ಫಾಸ್ಟ್ಯಾಗ್ ಮುಚ್ಚಿಸಬೇಕು, ಇಲ್ಲದಿದ್ದರೆ ಹೊಸ ಮಾಲೀಕರು ಹೆಬ್ಬಾಳು ಟೋಲ್ ದಾಟಿದಾಗಲೆಲ್ಲ ಕಡಿತವಾಗುವುದು ಹಳೆಯ ಮಾಲೀಕರ ದುಡ್ಡು. ವಿಮೆಯನ್ನು ಕೊಂಡವರ ಹೆಸರಿಗೆ ಬದಲಿಸಲು 14 ದಿನವಿದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಎನ್‌ಸಿಬಿ ರಿಯಾಯಿತಿ ಗಾಡಿಗೆ ಸೇರಿದ್ದಲ್ಲ, ಮಾಲೀಕರದ್ದು. ವಿಮಾ ಕಂಪನಿಯಿಂದ ಪತ್ರ ಪಡೆದು ಮುಂದಿನ ಗಾಡಿಗೆ ಬಳಸಿಕೊಳ್ಳಬಹುದು.

ದಾವಣಗೆರೆ ಮತ್ತು ಚಿತ್ರದುರ್ಗದ ಆರ್‌ಟಿಒ ಕಚೇರಿಗಳಿಗೆ ನಮ್ಮದೊಂದು ಮನವಿ. ಏಜೆಂಟರಿಲ್ಲದೆ ನೇರವಾಗಿ ಬರುವ ಮಾರುವವರು, ಕೊಳ್ಳುವವರಿಗೆಂದು ಫಾರಂ 29, 30 ತುಂಬುವ ಬಗೆ, ಬೇಕಾದ ದಾಖಲೆ, ಶುಲ್ಕಗಳನ್ನು ಕನ್ನಡದಲ್ಲಿ ಬರೆದ ಫಲಕವನ್ನು ಬಾಗಿಲಲ್ಲೇ ಹಾಕಿಸಲಿ. ಕಾಲೇಜು ಹಾಸ್ಟೆಲ್‌ಗಳು ಪರೀಕ್ಷೆ ಮುಗಿಯುವ ವಾರದ ಭಾನುವಾರ ಬೆಳಿಗ್ಗೆ ಗೇಟಿನ ಒಳಗೇ, ವಾರ್ಡನ್ ಎದುರು, ಹಳೆ ಸಾಮಾನು ಮಾರಿಕೊಳ್ಳಲು ಎರಡು ಗಂಟೆ ಅವಕಾಶ ಕೊಡಲಿ.

— ಗೃಹೋಪಯೋಗಿ ಯಂತ್ರ ಮತ್ತು ಮೊಬೈಲ್ ರಿಪೇರಿ ಮಾಡುವವರು, ದಾವಣಗೆರೆ